ಎರೆ ಹೊಲದಲ್ಲಿ ಗಾಳಿ ಫ್ಯಾನು: ಸಹಿ ಹಾಕುವ ಮುಂಚೆ ಪರಿಸರದ ವಿಷಯದಲ್ಲಿ ಏನೇನು ಕೇಳಬೇಕು?

ಎರೆಹೊಲ (ಪ್ರಶ್ನೆ)

ಶಿರಹಟ್ಟಿ ಕಡೆಯ ಎರೆ ಭೂಮಿ. ಕಡಲೆ, ಜೋಳ, ಶೇಂಗಾ ಬೆಳೆಯುವ ಹೊಲಗಳು. ಕಂಪನಿಯವರು ಊರ ಸುತ್ತ 3 ಫ್ಯಾನು ನಿಲ್ಲಿಸಲು ಜಾಗ ಕೇಳುತ್ತಿದ್ದಾರೆ. ಒಂದೊಂದೂ 3 ಮೆಗಾವ್ಯಾಟ್, ಕಂಬದ ಎತ್ತರ 140 ಮೀಟರ್, ರೆಕ್ಕೆ ತಿರುಗುವ ವೃತ್ತದ ವ್ಯಾಸ 140 ಮೀಟರ್. ಊರಿನ ಅಂಚಿನ ಮನೆಯಿಂದ ಅವು 520, 600 ಮತ್ತು 700 ಮೀಟರ್ ದೂರದಲ್ಲಿ ಬರುತ್ತವೆ. ಬಾಡಿಗೆ ವಿಚಾರ ಬಿಡ್ರಿ, ಅದು ಬೇರೆ. ಸಪ್ಪಳ, ಹಕ್ಕಿ, ನೀರು, ಮಣ್ಣು ಇವುಗಳಿಗೆ ನಿಜವಾಗಿ ಎಷ್ಟು ಪೆಟ್ಟು ಬೀಳುತ್ತದೆ? ಫ್ಯಾನು ಬಂದರೆ ಮೋಡ ಚದುರಿ ಮಳೆ ಹೋಗುತ್ತದೆ ಅಂತಲೂ ಊರಲ್ಲಿ ಹೇಳುತ್ತಿದ್ದಾರೆ. ತಿಳಿದವರು ಲೆಕ್ಕ ಸಮೇತ ಹೇಳ್ರಿ.

ಗಾಳಿಲೆಕ್ಕ

ಮಳೆಯ ಮಾತು ಮೊದಲು ಮುಗಿಸೋಣ. ರೆಕ್ಕೆಯ ತುದಿ ಮೇಲೆ ಬಂದಾಗ ನೆಲದಿಂದ 210 ಮೀಟರ್. ಮಳೆ ಸುರಿಸುವ ಮೋಡಗಳು ಅದಕ್ಕಿಂತ ಎಷ್ಟೋ ಮೇಲಕ್ಕೆ, ಕಿಲೋಮೀಟರುಗಟ್ಟಲೆ ಬೆಳೆದಿರುತ್ತವೆ, ತೇವ ಬರುವುದು ಸಮುದ್ರದಿಂದ. ಮೂರು ಫ್ಯಾನು ಅದನ್ನು ತಡೆಯಲಾರವು. ರಾತ್ರಿ ಹೊತ್ತು ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗಿನ ತಣ್ಣನೆ ಗಾಳಿಯೊಂದಿಗೆ ಕಲಕುವುದರಿಂದ ಹತ್ತಿರದ ನೆಲ ಕೊಂಚ ಬೆಚ್ಚಗಾಗುತ್ತದೆ, ಅಷ್ಟೆ.

ಈಗ ಲಾಭದ ಲೆಕ್ಕ. 3 ಮೆಗಾವ್ಯಾಟ್ ಯಂತ್ರ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ 30% ದುಡಿದರೂ ಸುಮಾರು 79 ಲಕ್ಷ ಯೂನಿಟ್ ಬರುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಲೆಕ್ಕಕ್ಕೆ ಒಂದು ಫ್ಯಾನು ವರ್ಷಕ್ಕೆ 5,500 ಟನ್ ತಪ್ಪಿಸುತ್ತದೆ. ತಳಪಾಯಕ್ಕೆ 500 ಘನ ಮೀಟರ್ ಕಾಂಕ್ರೀಟ್ ಅಂದುಕೊಳ್ಳಿ. ಅದರ ಸಿಮೆಂಟಿನಿಂದ ಬರುವುದು 150 ಟನ್ ಆಸುಪಾಸು. ಅಂದರೆ ಹತ್ತು ದಿನದ ವಿದ್ಯುತ್ತಿನಲ್ಲೇ ಅದು ತೀರಿತು. ಕಂಬದ ಉಕ್ಕು, ರೆಕ್ಕೆ, ಸಾಗಣೆ ಎಲ್ಲ ಸೇರಿಸಿದರೂ ಒಂದು ವರ್ಷದೊಳಗೆ ಸಾಲ ಚುಕ್ತಾ. ಯಂತ್ರದ ಆಯುಷ್ಯ 20ರಿಂದ 25 ವರ್ಷ.

ನೀರಿನ ಉಳಿತಾಯವನ್ನು ಯಾರೂ ಹೇಳುವುದಿಲ್ಲ, ನಮ್ಮ ಸೀಮೆಗೆ ಅದೇ ದೊಡ್ಡದು. ಕಲ್ಲಿದ್ದಲ ಸ್ಥಾವರಕ್ಕೆ ಯೂನಿಟ್‌ಗೆ ಸುಮಾರು 3 ಲೀಟರ್ ನೀರು ಬೇಕು. ರಾಯಚೂರು, ಕೂಡಗಿ ಸ್ಥಾವರಗಳೆರಡೂ ಕೃಷ್ಣೆಯ ನೀರನ್ನೇ ನಂಬಿವೆ. 79 ಲಕ್ಷ ಯೂನಿಟ್ ಗಾಳಿಯಿಂದ ಬಂದರೆ ವರ್ಷಕ್ಕೆ 2.3 ಕೋಟಿ ಲೀಟರ್‌ಗೂ ಹೆಚ್ಚು ನೀರು ಉಳಿಯಿತು.

ಸದ್ದುಮಾಪಕ

ಸಪ್ಪಳದಲ್ಲಿ ಎಚ್ಚರ ಇರಲಿ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಮನೆಗಳಿಂದ 500 ಮೀಟರ್ ಬಿಡಬೇಕು ಅನ್ನುತ್ತದೆ. ರಸ್ತೆ, ಹೈಟೆನ್ಶನ್ ಲೈನು, ಶಾಲೆಯಂಥ ಕಟ್ಟಡಗಳಿಗೆ ಕಂಬದ ಎತ್ತರ, ವ್ಯಾಸದ ಅರ್ಧ, ಮೇಲೆ 5 ಮೀಟರ್ ಕೂಡಿಸಿದಷ್ಟು ಅಂತರ. ನಿಮ್ಮಲ್ಲಿ 140 + 70 + 5 = 215 ಮೀಟರ್. ಕಾಗದದ ಮೇಲೆ ಎಲ್ಲ ಸರಿ.

ಆದರೆ 500 ಮೀಟರ್ ನಿಯಮ ನೋಡುವುದು ಒಂದು ಫ್ಯಾನನ್ನು, ಮನೆಯವರ ಕಿವಿಗೆ ಬೀಳುವುದು ಮೂರೂ ಫ್ಯಾನಿನ ಸಪ್ಪಳ. ಇಂಥ ಯಂತ್ರದ ಮೂಲ ಶಬ್ದ 106 ಡೆಸಿಬೆಲ್ ಅಂತ ಹಿಡಿಯಿರಿ. ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ನಿಮ್ಮ ಅಂಚಿನ ಮನೆಗೆ 520 ಮೀಟರಿನದು 44, 600ರದು 42, 700ರದು 41 ಡೆಸಿಬೆಲ್. ಇವನ್ನು ನೇರವಾಗಿ ಕೂಡಿಸುವಂತಿಲ್ಲ, ಲಾಗರಿದಮ್ ಲೆಕ್ಕದಲ್ಲಿ ಮೂರೂ ಸೇರಿ 47 ಆಗುತ್ತದೆ. ದಾರಿಯಲ್ಲಿ ಗಾಳಿ ಹೀರಿಕೊಳ್ಳುವ 2 ಕಳೆದರೆ 45. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿಯೂ 45. ಕೂದಲೆಳೆಯಷ್ಟೂ ಜಾಗ ಉಳಿದಿಲ್ಲ!

ಕಷ್ಟ ಹೆಚ್ಚು ಗೊತ್ತಾಗುವುದು ಕೆಳಗೆ ಎಲೆಯೂ ಅಲ್ಲಾಡದ ರಾತ್ರಿಯಲ್ಲಿ. 140 ಮೀಟರ್ ಮೇಲೆ ಗಾಳಿ ಬೀಸುತ್ತಲೇ ಇರುತ್ತದೆ, ಕೆಳಗೆ ಅದನ್ನು ಮುಚ್ಚುವ ಬೇರೆ ಸದ್ದು ಇರುವುದಿಲ್ಲ, 'ವೂಶ್ ವೂಶ್' ಅನ್ನುವುದು ನೇರ ಮನೆಯೊಳಗೆ. ಹತ್ತಿರದ ಫ್ಯಾನನ್ನು 800 ಮೀಟರಿಗೆ ಸರಿಸಲು ಕೇಳಿ. ಆಗದಿದ್ದರೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಕಡಿಮೆ ಶಬ್ದದ ಮೋಡ್‌ನಲ್ಲಿ ಓಡಿಸುವ ಷರತ್ತು ಬರೆಸಿ. ಸಾಫ್ಟ್‌ವೇರ್‌ನಲ್ಲೇ ಆ ಸೌಲಭ್ಯ ಇರುತ್ತದೆ, ವಿದ್ಯುತ್ ಸ್ವಲ್ಪ ಕಡಿಮೆಯಾಗುತ್ತದೆ.

ನೆರಳಿನ ಆಟವನ್ನೂ ಕೇಳಿ. ಸೂರ್ಯ ಹುಟ್ಟುವಾಗ, ಮುಳುಗುವಾಗ ರೆಕ್ಕೆಯ ನೆರಳು ಕಿಟಕಿ ಮೇಲೆ ಮಿಣಮಿಣ ಅನ್ನುತ್ತದೆ. ಜರ್ಮನಿಯಲ್ಲಿ ಮನೆಯೊಂದಕ್ಕೆ ವರ್ಷಕ್ಕೆ 30 ಗಂಟೆ, ದಿನಕ್ಕೆ 30 ನಿಮಿಷದ ಮಿತಿ ಇದೆ. ಅದೇ ಅಳತೆ ಹಿಡಿದು ನಕ್ಷೆ ಮಾಡಿಸಿ. ಊರಿಗೆ ಪೂರ್ವ, ಪಶ್ಚಿಮದಲ್ಲಿ ನಿಂತ ಫ್ಯಾನುಗಳೇ ಇದರಲ್ಲಿ ಮುಖ್ಯ.

ಹಕ್ಕಿಗಣತಿ

ಶಿರಹಟ್ಟಿ ಅಂದ ಕೂಡಲೇ ಮಾಗಡಿ ಕೆರೆ ನೆನಪಾಗಬೇಕು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ. ಚಳಿಗಾಲಕ್ಕೆ ಬರುವ ಪಟ್ಟೆತಲೆ ಬಾತುಗಳು ಅಲ್ಲಿ ತಂಗಿ, ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಮೇಯಲು ಹಾರುತ್ತವೆ. ಕೆರೆಗೂ ಹೊಲಕ್ಕೂ ನಡುವಿನ ಆ ಹಾರಾಟದ ದಾರಿಯಲ್ಲಿ ಫ್ಯಾನಿಗಿಂತ ನನಗೆ ಹೆಚ್ಚು ಭಯ ಅದರ ವಿದ್ಯುತ್ ಒಯ್ಯುವ 33 ಕೆವಿ ತಂತಿಯದು. ದೊಡ್ಡ ಹಕ್ಕಿಗಳು ಮಂಜಿನಲ್ಲಿ ತಂತಿ ಕಾಣದೆ ಬಡಿದುಕೊಳ್ಳುತ್ತವೆ. ಹದ್ದು, ಗಿಡುಗ ಕಂಬದ ಅಡ್ಡಪಟ್ಟಿಯ ಮೇಲೆ ಕೂತು ರೆಕ್ಕೆ ಬಿಚ್ಚಿದಾಗ ತಂತಿ ತಾಗಿ ಸುಟ್ಟುಹೋಗುತ್ತವೆ.

ಆದ್ದರಿಂದ ಫ್ಯಾನಿನಿಂದ ಪೂಲಿಂಗ್ ಸ್ಟೇಷನ್‌ವರೆಗೆ (ಎಲ್ಲ ಫ್ಯಾನಿನ ವಿದ್ಯುತ್ ಒಂದೆಡೆ ಸೇರುವ ಕೇಂದ್ರ) ಕೇಬಲ್ ನೆಲದಡಿ ಹೋಗಲಿ, ಒಂದು ಮೀಟರಿಗಿಂತ ಆಳದಲ್ಲಿ, ಇಲ್ಲದಿದ್ದರೆ ನೇಗಿಲಿಗೆ ಸಿಕ್ಕೀತು. ಮೇಲೆಯೇ ಎಳೆಯುತ್ತೇವೆ ಅಂದರೆ ಅಡ್ಡಪಟ್ಟಿಯ ಕೆಳಗೆ ತೂಗುವ ಇನ್ಸುಲೇಟರ್, ಕಂಬದ ಎರಡೂ ಬದಿ ಒಂದೊಂದು ಮೀಟರ್ ತಂತಿಗೆ ಹೊದಿಕೆ, ಉಳಿದ ಉದ್ದಕ್ಕೆ ಹತ್ತತ್ತು ಮೀಟರಿಗೊಂದು ಬರ್ಡ್ ಡೈವರ್ಟರ್, ಅಂದರೆ ಹಕ್ಕಿಗೆ ತಂತಿ ಕಾಣುವಂತೆ ತೂಗುಹಾಕುವ ಗುರುತು.

ಹಾನಿ ಸತ್ತ ಹಕ್ಕಿಗಳ ಎಣಿಕೆಗೆ ಮುಗಿಯುವುದಿಲ್ಲ. ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಫ್ಯಾನು ಇರುವ ಕಡೆ ಬೇಟೆಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಹಿಡಿದು ತಿನ್ನುವವರು ಇಲ್ಲದೆ ಹಲ್ಲಿಜಾತಿಯ ಪ್ರಾಣಿಗಳು ಹೆಚ್ಚಿದವು, ಆದರೆ ಮೈಕಟ್ಟು ಸೊರಗಿತ್ತು. ಕಪ್ಪತಗುಡ್ಡದಂಥ ಗುಡ್ಡದ ನೆತ್ತಿಯಲ್ಲಿ ಹೊಸ ಫ್ಯಾನು ಬೇಡವೇ ಬೇಡ ಅನ್ನುವುದಕ್ಕೆ ಇದೇ ಕಾರಣ. ಉತ್ತ ಹೊಲದಲ್ಲಿ ಆ ಪ್ರಮಾಣದ ಹಾನಿ ಇರದು.

ಬಾವಲಿಗೆ ಒಳ್ಳೆಯ ಉಪಾಯವಿದೆ. ಮಂದ ಗಾಳಿಯ ರಾತ್ರಿಗಳಲ್ಲೇ ಅವು ಹೆಚ್ಚು ಸಾಯುವುದು. ಸೆಕೆಂಡಿಗೆ 3 ಮೀಟರಿನ ಬದಲು 5 ಮೀಟರ್ ಗಾಳಿ ಬಂದ ಮೇಲಷ್ಟೇ ರೆಕ್ಕೆ ತಿರುಗುವಂತೆ ಮಾಡಿದರೆ ಸಾವು ಅರ್ಧಕ್ಕೆ ಇಳಿಯುತ್ತದೆ ಎಂದು ಅಮೆರಿಕದ ಪ್ರಯೋಗಗಳು ತೋರಿಸಿವೆ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಮಂದ ಗಾಳಿಯಲ್ಲಿ ಸಿಗುವ ವಿದ್ಯುತ್ತೇ ಅಲ್ಪ, ಕಂಪನಿಗೆ ವರ್ಷದ ನಷ್ಟ 1% ಕೂಡ ಅಲ್ಲ.

ಎರೆಹೊಲ

ಎಲ್ಲರಿಗೂ ಶರಣು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಣ್ಣಿನ ಮಾತು ಉಳೀತು. ಮತ್ತೆ ಸರ್ಕಾರದ ಪರಿಸರ ಅನುಮತಿಯಲ್ಲಿ ಇವೆಲ್ಲ ಬರೋದಿಲ್ಲೇನ್ರಿ?

ಬದುಒಡ್ಡು

ಬರುವುದಿಲ್ಲ ಅಣ್ಣಾ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಅರಣ್ಯ ಭೂಮಿಯಾದರೆ ಮಾತ್ರ ಬೇರೆ ಅನುಮತಿ ಬೇಕು. ಖಾಸಗಿ ಹೊಲದಲ್ಲಿ ನಿಮ್ಮ ಕರಾರು ಪತ್ರವೇ ಕಾನೂನು ಅಂದುಕೊಂಡು ಬರೆಸಿ.

ಮಣ್ಣಿಗೆ ಪೆಟ್ಟು ಬೀಳುವುದು ಕಂಬ ನಿಂತ ಮೇಲಲ್ಲ, ನಿಲ್ಲಿಸುವಾಗ. 140 ಮೀಟರ್ ವ್ಯಾಸಕ್ಕೆ ಒಂದೊಂದು ರೆಕ್ಕೆ 68 ಮೀಟರ್ ಉದ್ದ, ಒಂದೇ ತುಂಡು. ಅದು ತಿರುಗಲು ಅಗಲವಾದ ತಿರುವು ಬೇಕು, ಕ್ರೇನ್ ನಿಲ್ಲಲು ಅರ್ಧ ಎಕರೆ ಗಟ್ಟಿ ನೆಲ ಬೇಕು. ಎರೆ ಮಣ್ಣು ಆ ಭಾರ ತಡೆಯದು ಅಂತ ಗರಸು ಹೇರುತ್ತಾರೆ. ಹೊಲದ ನಡುವೆ ಎರಡಡಿ ಎತ್ತರದ ರಸ್ತೆ ಎದ್ದರೆ ಮಳೆನೀರಿಗೆ ಅದೇ ಒಡ್ಡು. ಮೇಲಿನ ಹೊಲದಲ್ಲಿ ನೀರು ನಿಂತು ಕಡಲೆ ಕೊಳೆಯುತ್ತದೆ, ಕೆಳಗಿನ ಹೊಲದಲ್ಲಿ ನೀರು ಒಂದೇ ಕಡೆ ನುಗ್ಗಿ ಕೊರಕಲು ಬೀಳುತ್ತದೆ. ರಸ್ತೆ ಹಾಕುವ ಮುಂಚೆಯೇ ನೀರು ಹರಿಯುವ ದಾರಿ ಗುರುತಿಸಿ, ಪ್ರತಿ ತಗ್ಗಿಗೂ ಸಿಮೆಂಟ್ ಪೈಪ್ ಹಾಕಿಸಿ, ಪೈಪಿನ ಬಾಯಿಗೆ ಕಲ್ಲು ಕಟ್ಟಿಸಿ.

ತಳಪಾಯ ತೋಡುವಾಗ ಮೇಲಿನ ಒಂದಡಿ ಮಣ್ಣನ್ನು ಬೇರೆ ರಾಶಿ ಮಾಡಬೇಕು, ಕೆಳಗಿನ ಸುಣ್ಣಗಲ್ಲಿನ ಮಣ್ಣಿನ ಜತೆ ಬೆರೆತರೆ ಮತ್ತೆ ಬೆಳೆ ಹತ್ತುವುದಿಲ್ಲ. ಕ್ರೇನ್ ಹೋದ ಮೇಲೆ ಗರಸು ಎತ್ತಿಸಿ, ಸಬ್‌ಸಾಯಿಲರ್‌ನಿಂದ (ಒಳಗಿನ ಬಿಗಿ ಮಣ್ಣು ಸೀಳುವ ಆಳದ ನೇಗಿಲು) ಎರಡಡಿ ಆಳ ಉಳುಮೆ ಮಾಡಿಸಿ. ನೆಲ ಒಣಗಿದ್ದಾಗಲೇ ಮಾಡಿಸಬೇಕು, ಹಸಿಯಿದ್ದಾಗ ಮಾಡಿದರೆ ಒಳಗೆ ಇನ್ನಷ್ಟು ಬಿಗಿಯುತ್ತದೆ.

ಕೊನೆಗೆ ಕೆಡವುವ ಷರತ್ತು. ನೂರಾರು ಘನ ಮೀಟರ್ ಕಾಂಕ್ರೀಟ್ ಹೊಲದಲ್ಲೇ ಉಳಿಯುತ್ತದೆ. ಪೂರ್ತಿ ತೆಗೆಯುವುದಿಲ್ಲ ಅಂದರೆ ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಆಳದವರೆಗಾದರೂ ಒಡೆದು ಸಾಗಿಸಲಿ. ಕಂಬದ ಉಕ್ಕು ಗುಜರಿಗೆ ಹೋಗುತ್ತದೆ, ಗಾಜಿನ ನಾರಿನ ರೆಕ್ಕೆಯನ್ನು ಕೊಳ್ಳುವವರಿಲ್ಲ. ತುಂಡು ಮಾಡಿ ಸಿಮೆಂಟ್ ಗೂಡಿಗೆ ಕಳಿಸುವ ಖರ್ಚು ಕಂಪನಿಯದೇ ಅಂತ ಬರೆಸಿ. ಗಿಯರ್ ಬಾಕ್ಸ್‌ನಲ್ಲಿ ನೂರಾರು ಲೀಟರ್ ಎಣ್ಣೆ ಇರುತ್ತದೆ, ಸೋರಿದರೆ ಆ ಮಣ್ಣು ಎತ್ತಿ ಒಯ್ಯುವ ಹೊಣೆಯೂ ಅವರದೇ. ಇದಿಷ್ಟಕ್ಕೂ ಬ್ಯಾಂಕ್ ಗ್ಯಾರಂಟಿ ಕೇಳಿ. ನಡುವೆ ಕಂಪನಿ ಕೈ ಬದಲಾದರೆ ಅದೇ ಗ್ಯಾರಂಟಿ ಹೊಸ ಮಾಲೀಕನಿಗೂ ಅನ್ವಯ ಅನ್ನುವ ಸಾಲು ಬಿಡಬೇಡಿ.