ದೊಡ್ಡಪ್ಪ ಕಳಿಸಿದ ಕೆಂಪು ಬೆಟ್ಟ

(ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ಬೇರು ಬಿಳಲು'. ಇರುವವರು 31 ಜನ, ಮಾತಾಡುವವರು ಆರೇಳು ಮಂದಿ. ಸೆಪ್ಟೆಂಬರ್ ಕೊನೆಯ ಭಾನುವಾರದ ಮಾತು ಇದು. ನಡುವೆ ಬಂದ ಗುಲಾಬಿ ಹೂವಿನ 'ಶುಭೋದಯ'ಗಳನ್ನು ಮಾತ್ರ ತೆಗೆದಿದ್ದೇನೆ. 'ನಾನು' ಅಂದರೆ ಅಟ್ಲಾಂಟಾದ ಸುಧಾ. ಮಾತು ಸ್ಮೋಕಿ ಬೆಟ್ಟಗಳ ರಾಷ್ಟ್ರೀಯ ಉದ್ಯಾನದ್ದು. ಚಳಿಗಾಲಕ್ಕೆ ಮುಂಚೆ ಅಲ್ಲಿ ಮರಗಳ ಎಲೆ ಬಣ್ಣ ತಿರುಗಿ ಉದುರುತ್ತದೆ, ಅದನ್ನು ನೋಡಲು ಜನ ಹೋಗುತ್ತಾರೆ.)

ದೊಡ್ಡಪ್ಪ, ದಾವಣಗೆರೆ: [ಫೋಟೊ. ಮುಂದೆ ಕೆರೆ, ಹಿಂದೆ ಹಿಮದ ಬೆಟ್ಟ, ಸುತ್ತಲೂ ಕಡುಗೆಂಪು ಮರಗಳು. ಮೇಲೆ ದಪ್ಪ ಅಕ್ಷರದಲ್ಲಿ: ಅಕ್ಟೋಬರ್ 10ರಿಂದ 12, ಅಮೆರಿಕದ ಸ್ಮೋಕಿ ಬೆಟ್ಟ ಪೂರ್ತಿ ಕೆಂಪು, ಮೂರೇ ದಿನ!]

ದೊಡ್ಡಪ್ಪ: ಸುಧಾ, ನಿಮ್ಮಪ್ಪ ಅಮ್ಮ ಬರುವುದು 25ಕ್ಕೆ. ಅಷ್ಟರಲ್ಲಿ ಎಲ್ಲ ಉದುರಿ, ಗುಡಿಸಿಯೂ ಆಗಿರುತ್ತದೆ. ಟಿಕೆಟ್ ಎರಡು ವಾರ ಮುಂಚೆಗೆ ಬದಲಾಯಿಸಿಬಿಡು.

ಅಮ್ಮ: ಅಯ್ಯೋ, ದೀಪಾವಳಿ ಬಿಟ್ಟು ಹೇಗೆ ಬರುವುದು ಭಾವ? ಬಲಿಪಾಡ್ಯಮಿ 22ಕ್ಕೆ ಇದೆ.

ಅಪ್ಪ: ಬದಲಾಯಿಸಿದರೆ ಎಷ್ಟು ಕಟ್ಟಬೇಕು?

ದೊಡ್ಡಪ್ಪ: ದುಡ್ಡಿನ ಮಾತು ಬಿಡೋ. ಮೂರೇ ದಿನ ಅಂತ ಬರೆದಿದ್ದಾರೆ.

ನಾನು: ದೊಡ್ಡಪ್ಪ, ಅದು ಸ್ಮೋಕಿಯ ಫೋಟೊ ಅಲ್ಲ.

ದೊಡ್ಡಪ್ಪ: ಮೇಲೆ ಬರೆದಿದೆಯಲ್ಲಮ್ಮ.

ನಾನು: ಎರಡು ಬೆರಳಲ್ಲಿ ಹಿಗ್ಗಿಸಿ ಮರದ ಕಾಂಡ ನೋಡಿ. ಸುಣ್ಣ ಬಳಿದಂಥ ಬಿಳಿ, ನಡುನಡುವೆ ಕಣ್ಣಿನ ಹಾಗೆ ಕಪ್ಪು ಮಚ್ಚೆ. ಅದು ಆಸ್ಪೆನ್ ಮರ. ಹಿಂದಿನ ಬೆಟ್ಟ ಕೊಲರಾಡೊದ ಮರೂನ್ ಬೆಲ್ಸ್. ಸ್ಮೋಕಿಗೂ ಅದಕ್ಕೂ ಸಾವಿರ ಮೈಲಿಗಿಂತ ಜಾಸ್ತಿ ದೂರ. ಇನ್ನೊಂದು, ಅಲ್ಲಿ ಆಸ್ಪೆನ್ ಆಗುವುದು ಹೆಚ್ಚಾಗಿ ಹಳದಿ, ಅದೂ ಸೆಪ್ಟೆಂಬರ್ ಕೊನೆಗೆ. ಯಾರೋ ಫೋನಿನಲ್ಲಿ ಬಣ್ಣ ಎಳೆದಿದ್ದಾರೆ. ಎಡಗಡೆ ನಿಂತಿರುವವರ ಕೈ ನೋಡಿ, ಟೊಮೆಟೊ ಆಗಿದೆ.

ಚೈತ್ರಾ, ಬೆಂಗಳೂರು: ಅಕ್ಕಾ, ಅವರ ನಾಯಿ ಕೂಡ ಕೆಂಪು 😂

ದೊಡ್ಡಪ್ಪ: ಫೋಟೊ ಹಾಳಾಗಲಿ. ದಿನಾಂಕ ಸರಿ ಇರಬಹುದಲ್ವಾ?

ರಾಘಣ್ಣ, ನ್ಯೂಜೆರ್ಸಿ: ಅಪ್ಪಾ, ಎಲೆ ನೋಡಬೇಕು ಅಂದರೆ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಬೇಕು. ವೈಟ್ ಮೌಂಟನ್ಸ್, ಕ್ಯಾಂಕಮಾಗಸ್ ರಸ್ತೆ, 34 ಮೈಲಿ ಚಿಲ್ಲರೆ. ಶುಗರ್ ಮೇಪಲ್ ಅಂದರೆ ಕುಂಕುಮ ಎರಚಿದ ಹಾಗೆ. ಚಿಕ್ಕಪ್ಪ ಚಿಕ್ಕಮ್ಮ ಮೊದಲು ನಮ್ಮನೆಗೆ ಬರಲಿ.

ನಾನು: ಅಲ್ಲಿ ಜೋರು ಇರುವುದು ಅಕ್ಟೋಬರ್ ಮೊದಲ ಎರಡು ವಾರ. ತಿಂಗಳ ಕೊನೆಗೆ ಬಂದವರಿಗೆ ಬರೀ ಕೊಂಬೆ ತೋರಿಸುತ್ತೀಯಾ?

ರಾಘಣ್ಣ: ಓಕ್ ಇರುತ್ತದೆ.

ನಾನು: ಓಕ್ ಅಷ್ಟು ಹೊತ್ತಿಗೆ ಕಾಫಿಪುಡಿ ಬಣ್ಣ. ಅದನ್ನು ನೋಡಲು ನಮ್ಮಮ್ಮ ಸಾವಿರ ಮೈಲಿ ಬರಬೇಕಾ?

(ಇಲ್ಲಿ ರಾಘಣ್ಣ ಒಂದು ಗಂಟೆ ಮಾತಾಡಲಿಲ್ಲ. ನಾನು ಸ್ವಲ್ಪ ಖಾರ ಆಗಿದ್ದೆ, ಒಪ್ಪುತ್ತೇನೆ.)

ಚೈತ್ರಾ: ಅಷ್ಟು ದೂರ ಯಾಕೆ? ಕಾಶ್ಮೀರಕ್ಕೆ ಹೋಗಿ. ನಾನು ಹೋದಾಗ ನವೆಂಬರ್ ಮೊದಲ ವಾರ. ಶ್ರೀನಗರದಲ್ಲಿ ವಿಶ್ವವಿದ್ಯಾಲಯದ ಒಳಗೇ ನಸೀಮ್ ಬಾಗ್ ಇದೆ, ಬರೀ ಚಿನಾರ್ ಮರಗಳ ತೋಪು. ಎಲೆ ಅಂಗೈಗಿಂತ ದೊಡ್ಡದು. ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಬಿದ್ದ ಎಲೆ ಗುಡ್ಡೆ ಹಾಕಿ, ಸುಟ್ಟು, ಇದ್ದಿಲು ಮಾಡಿಟ್ಟುಕೊಳ್ಳುತ್ತಾರೆ. ಚಳಿಗಾಲದಲ್ಲಿ ಕಾಂಗಡಿಗೆ, ಅಂದರೆ ಮೈ ಕಾಯಿಸುವ ಕೆಂಡದ ಕುಡಿಕೆಗೆ, ಅದೇ. ಆ ಕಾಲಕ್ಕೆ ಅವರು ಹರುದ್ ಅನ್ನುತ್ತಾರೆ.

ದೊಡ್ಡಪ್ಪ: ನೋಡು, ಕಾಶ್ಮೀರಕ್ಕೂ ಒಂದು ದಿನಾಂಕ ಇದೆ. ನಾನೂ ಅದನ್ನೇ ಹೇಳುತ್ತಿರುವುದು.

ನಾನು: ಶ್ರೀನಗರ ಇರುವುದು ಕಣಿವೆಯ ತಳದಲ್ಲಿ, ದೊಡ್ಡಪ್ಪ. ಎಲ್ಲಾ ಚಿನಾರ್ ಹೆಚ್ಚುಕಡಿಮೆ ಒಂದೇ ಎತ್ತರದ ನೆಲದಲ್ಲಿವೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯ ಅಂದರೆ ಮುಗಿಯಿತು. ಸ್ಮೋಕಿ ಹಾಗಲ್ಲ. ಅದರ ತಗ್ಗು ಜಾಗ 875 ಅಡಿ, ತುದಿ 6,643 ಅಡಿ. ಬುಡಕ್ಕೂ ತುದಿಗೂ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇರಬಹುದು. ಅದಕ್ಕೇ ಬಣ್ಣ ಮೇಲೆ ಶುರುವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. 4,000 ಅಡಿ ಮೇಲೆ ಬರ್ಚ್, ಬೀಚ್ ಮರಗಳು ಸೆಪ್ಟೆಂಬರ್ ಮಧ್ಯದಿಂದಲೇ ಹಳದಿ. ಕೆಳಗಿನ ಮೇಪಲ್, ಸ್ವೀಟ್‌ಗಮ್, ಹಿಕರಿಗೆಲ್ಲ ಅಕ್ಟೋಬರ್ ಮಧ್ಯದಿಂದ ನವೆಂಬರ್ ಶುರುವಿನವರೆಗೆ ಸಮಯ ಇದೆ. ಇಡೀ ಬೆಟ್ಟ ಒಟ್ಟಿಗೆ ಕೆಂಪಾಗುವ ದಿನ ಅಂತ ಒಂದು ಇಲ್ಲವೇ ಇಲ್ಲ. 10ಕ್ಕೆ ಹೋದವರು ಕಾರನ್ನು ಮೇಲಕ್ಕೆ ಓಡಿಸಬೇಕು. 28ಕ್ಕೆ ಹೋಗುವ ನಾವು ಕೆಳಗೇ ಸುತ್ತಬೇಕು, ಅಷ್ಟೇ.

ಅಪ್ಪ: ಅಂದರೆ ಟಿಕೆಟ್ ಬದಲಾಯಿಸುವುದು ಬೇಡ.

ನಾನು: ಬೇಡ ಅಪ್ಪ.

ಅಪ್ಪ: 👍👍👍

ದೊಡ್ಡಪ್ಪ: ಮಳೆ ಬಂದರೆ?

ನಾನು: ಅದು ನಿಜವಾದ ಪ್ರಶ್ನೆ. ಗಾಳಿಮಳೆ ಜೋರಾದರೆ ಎರಡೇ ದಿನದಲ್ಲಿ ಉದುರಿಬಿಡಬಹುದು. ಅದಕ್ಕೆ ಯಾರ ಪೋಸ್ಟರೂ ಗ್ಯಾರಂಟಿ ಕೊಡುವುದಿಲ್ಲ. ಹಗಲು ಒಳ್ಳೆ ಬಿಸಿಲು, ರಾತ್ರಿ ಚಳಿ, ಆದರೆ ಹೆಪ್ಪುಗಟ್ಟುವಷ್ಟು ಅಲ್ಲ, ಹಾಗಿದ್ದರೆ ಕೆಂಪು ಚೆನ್ನಾಗಿ ಕೂರುತ್ತದೆ. ಹಳದಿ ಮೊದಲಿಂದಲೂ ಎಲೆಯ ಒಳಗೇ ಇರುತ್ತದೆ, ಹಸಿರು ಮುಚ್ಚಿಟ್ಟಿರುತ್ತದೆ. ಕೆಂಪನ್ನು ಮಾತ್ರ ಎಲೆ ಕೊನೆಗಾಲದಲ್ಲಿ ಹೊಸದಾಗಿ ಮಾಡಿಕೊಳ್ಳುತ್ತದೆ. ತೊಟ್ಟಿನ ಬಳಿ ದಾರಿ ಮುಚ್ಚುತ್ತಾ ಬಂದು ಒಳಗೆ ಸಕ್ಕರೆ ಉಳಿದುಹೋಗುತ್ತದಲ್ಲ, ಅದರಿಂದ.

ಅತ್ತೆ, ತೀರ್ಥಹಳ್ಳಿ: ಉದುರುವ ಎಲೆಗೆ ಇಷ್ಟೊಂದು ಗಲಾಟೆಯಾ? ಶಿವರಾತ್ರಿ ಹೊತ್ತಿಗೆ ನಮ್ಮ ಕಾಡಿಗೆ ಬನ್ನಿ. ನಾಗಸಂಪಿಗೆ ಚಿಗುರು ಬಿಟ್ಟಾಗ ಮರ ಪೂರ್ತಿ ಕೆಂಪು. ಮಾವೂ ಅಷ್ಟೇ. ನಮ್ಮದು ಹುಟ್ಟುವಾಗಲೇ ಕೆಂಪು, ನಿಮ್ಮದು ಸಾಯುವಾಗ.

ನಾನು: ಅತ್ತೆ, ಎರಡೂ ಕಡೆ ಕೆಂಪು ಬರುವುದು ಒಂದೇ ಥರದ ಬಣ್ಣದಿಂದ. ಆಂಥೋಸಯನಿನ್ ಅಂತ.

ಅತ್ತೆ: ಹೆಸರು ಏನಾದರೂ ಇರಲಿ. ನಮ್ಮಲ್ಲಿ ಅದನ್ನು ನೋಡಲು ಟಿಕೆಟ್ ಇಲ್ಲ.

ರಾಘಣ್ಣ: ಸ್ಮೋಕಿಯಲ್ಲೂ ಪ್ರವೇಶಕ್ಕೆ ದುಡ್ಡಿಲ್ಲ ಅತ್ತೆ. ಆದರೆ 15 ನಿಮಿಷಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸಿದರೆ ದಿನಕ್ಕೆ 5 ಡಾಲರ್ ಚೀಟಿ. 2023ರಿಂದ. (ಸುಧಾ, ನನಗೂ ಸ್ವಲ್ಪ ಗೊತ್ತು.)

ನಾನು: ಸರಿ ಅಣ್ಣ, ಸಾರಿ. ನೀನೂ ಬಾ. ಮಂಗಳವಾರ ಹೋಗೋಣ. ಶನಿವಾರ ಮಾತ್ರ ಬೇಡ. ಒಂದು ಸಲ ಶನಿವಾರ ಕೇಡ್ಸ್ ಕೋವ್‌ನ 11 ಮೈಲಿ ಸುತ್ತುರಸ್ತೆಗೆ ಇಳಿದಿದ್ದೆವು. ಅದು ಏಕಮುಖ. ಮುಂದೆ ಯಾರೋ ಕರಡಿ ನೋಡಲು ನಿಂತರು, ಹಿಂದೆ ನಾವೆಲ್ಲ ನಿಂತೆವು. ಕಾರಿನಲ್ಲೇ ಪುಳಿಯೋಗರೆ ಮುಗಿಸಿದೆವು. ಕರಡಿ ನಮಗೆ ಕಾಣಲಿಲ್ಲ. ಈ ಸಲ ಚೆರೊಕೀ ಊರಿನ ಕಡೆಯಿಂದ ಹತ್ತಿ, ನ್ಯೂಫೌಂಡ್ ಗ್ಯಾಪ್ ಅನ್ನುವ ಕಣಿವೆದಾರಿ ದಾಟಿ, ಗ್ಯಾಟ್ಲಿನ್‌ಬರ್ಗ್‌ಗೆ ಇಳಿಯೋಣ. ಗ್ಯಾಪ್ 5,046 ಅಡಿ, ಗ್ಯಾಟ್ಲಿನ್‌ಬರ್ಗ್ ಸುಮಾರು 1,300. ಮೇಲೆ ಬೋಳು ಕೊಂಬೆ, ಇಳಿಯುತ್ತಾ ಇಳಿಯುತ್ತಾ ಬಣ್ಣ. ಎರಡೂ ಒಂದೇ ದಿನ ಕಾಣುತ್ತದೆ.

ಅಮ್ಮ: ಶಾಲು ಸಾಕಾ, ಸ್ವೆಟರ್ ಬೇಕಾ?

ನಾನು: ಎರಡೂ ತಾ ಅಮ್ಮ. ತುದಿಗೆ ಹೋಗುವುದು ಬೇಡ ಅಂದುಕೊಂಡಿದ್ದೇನೆ. ಗಾಡಿ ನಿಲ್ಲಿಸಿ ಅರ್ಧ ಮೈಲಿ ಕಡಿದಾದ ಏರು. ಅಪ್ಪನ ಮೊಣಕಾಲಿಗೆ ಆಗುವುದಿಲ್ಲ.

ಅಪ್ಪ: ತುದಿಯ ಹೆಸರೇನು?

ನಾನು: ಮೊದಲು ಕ್ಲಿಂಗ್‌ಮನ್ಸ್ ಡೋಮ್ ಅನ್ನುತ್ತಿದ್ದರು. 2024ರಲ್ಲಿ ಅಲ್ಲಿನ ಮೂಲನಿವಾಸಿ ಚೆರೊಕೀ ಜನರ ಹಳೆಯ ಹೆಸರನ್ನೇ ವಾಪಸ್ ಇಟ್ಟರು, ಕುವೋಹಿ. ಅಂದರೆ ಹಿಪ್ಪುನೇರಳೆಯ ಜಾಗ.

(ಅಪ್ಪ ರೇಷ್ಮೆ ಇಲಾಖೆಯಲ್ಲಿ 31 ವರ್ಷ ಇದ್ದವರು. ಅದನ್ನು ಮರೆತು ಬರೆದುಬಿಟ್ಟಿದ್ದೆ.)

ಅಪ್ಪ: ಹಿಪ್ಪುನೇರಳೆಯಾ?

ನಾನು: ಅಪ್ಪ, ತುದಿಯಲ್ಲಿ ಈಗ ಇರುವುದು ಸ್ಪ್ರೂಸ್, ಫರ್. ಅವು ಬಣ್ಣವೂ ಬದಲಾಯಿಸುವುದಿಲ್ಲ, ವರ್ಷವಿಡೀ ಹಸಿರು.

ಅಪ್ಪ: ಇರಲಿ. ಹೆಸರು ಸುಮ್ನೆ ಬರುವುದಿಲ್ಲ. ಹತ್ತಿ ನೋಡುತ್ತೇನೆ.

ಅಮ್ಮ: ಇನ್ನು ಇವರನ್ನು ಹಿಡಿಯುವವರು ಯಾರು!

ದೊಡ್ಡಪ್ಪ: ಹಾಗಾದರೆ ಆ ಫೋಟೊ ಅಳಿಸಿಬಿಡಲಾ?

ಅಮ್ಮ: ಬೇಡ ಭಾವ, ಇರಲಿ. ನೋಡಲು ಚೆನ್ನಾಗಿದೆ.

ಅಪ್ಪ: ಸುಧಾ, ಮೊಣಕಾಲಿನ ಪಟ್ಟಿ ಅಲ್ಲಿ ಸಿಗುತ್ತದಾ, ಇಲ್ಲಿಂದಲೇ ತರಲಾ?