ಅಪ್‌ಡೇಟ್: ಕಾರ್ಬ್ ಹೀಟ್ ಎಳೆದಾಗ ಎಂಜಿನ್ ಇನ್ನಷ್ಟು ನಡುಗಿದ್ದು ಯಾಕೆ

ನನ್ನ ಪ್ರಶ್ನೆ ಇಷ್ಟೇ ಇತ್ತು: ಸೆಸ್ನಾ 152 ಎಂಬ ಪುಟ್ಟ ವಿಮಾನದಲ್ಲಿ ಹಾರುತ್ತಿದ್ದಾಗ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ನಾಬ್) ಮುಟ್ಟದೆಯೇ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) 2300ರಿಂದ 2100ಕ್ಕೆ ಇಳಿಯಿತು. ಕಾರ್ಬ್ ಹೀಟ್, ಅಂದರೆ ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ನಾಬ್, ಎಳೆದರೆ ನಡುಕ ಜಾಸ್ತಿಯಾಯಿತು. ವಾಪಸ್ ತಳ್ಳಿದ್ದು ಸರಿಯೇ?

ಸರಿಯಲ್ಲ. ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಐಸ್ ಕಟ್ಟಿತ್ತು. ತೇವದ ಗಾಳಿಯಿದ್ದರೆ ಹೊರಗೆ 20 ಡಿಗ್ರಿ ಇದ್ದರೂ ಕಟ್ಟುತ್ತದೆ. ಬಿಸಿಗಾಳಿ ತೆಳು, ಮಿಶ್ರಣ ರಿಚ್ ಆಗಿ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿ) ಆರ್‌ಪಿಎಂ ಮೊದಲು ಇನ್ನೂ ಬೀಳುತ್ತದೆ; ಕರಗಿದ ನೀರು ಸಿಲಿಂಡರಿಗೆ ಹೋಗಿ ಎಂಜಿನ್ ಕೆಮ್ಮುತ್ತದೆ. ಆ ಕೆಮ್ಮು ಐಸ್ ಬಿಡುತ್ತಿರುವ ಲಕ್ಷಣ. ನಾಬ್ ಪೂರ್ತಿ ಎಳೆದು, ಆರ್‌ಪಿಎಂ ಮತ್ತೆ ಏರುವವರೆಗೆ ಹಾಗೇ ಬಿಡಬೇಕು. ಅರ್ಧ ಎಳೆಯುವುದಂತೂ ಬೇಡವೇ ಬೇಡ.

ಅದರಿಂದಲೂ ಸರಿಹೋಗದಿದ್ದರೆ ಮಿಕ್ಸ್ಚರ್ (ಇಂಧನ-ಗಾಳಿಯ ಪ್ರಮಾಣ) ಹೊಂದಿಸಿ, ಪ್ರೈಮರ್ (ಸ್ಟಾರ್ಟ್ ಮಾಡುವಾಗ ಇಂಧನ ತಳ್ಳುವ ಕೈ ಪಂಪ್) ಲಾಕ್ ಆಗಿದೆಯೇ ನೋಡಿ. ಆಮೇಲೆ ಮ್ಯಾಗ್ನೆಟೊ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಸಾಧನ, ಎರಡಿರುತ್ತವೆ): ಕೀ ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಒಂದರಲ್ಲಿ ನಯವಾಗಿ ಓಡಿದರೆ ಅದರಲ್ಲೇ ಇಟ್ಟು ಹತ್ತಿರದ ರನ್‌ವೇಗೆ ಹೋಗಿ. ಗಡಿಬಿಡಿಯಲ್ಲಿ ಕೀ ಆಫ್‌ಗೆ ಜಾರೀತು, ಜೋಕೆ.

ಶಕ್ತಿ ಪೂರ್ತಿ ಹೋದರೆ ಇವೆಲ್ಲಕ್ಕಿಂತ ಮೊದಲು ಮೂಗು ಇಳಿಸಿ 60 ನಾಟ್ ವೇಗ ಹಿಡಿಯಿರಿ, ಇಳಿಯುವ ಜಾಗ ಕಣ್ಣಲ್ಲಿ.