ಸಿ ಭಾಷೆಯ ‘ಚಾರ್’ ಅಕ್ಷರವೇ? ಕಡತದ ‘ಪಾತ್’ ದಾರಿಯೋ, ಪಥವೋ?

ಎಲ್ಲರಿಗೂ ನಮಸ್ಕಾರ.

ಹಾಸನದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜಿಲ್ಲೆಯ ಶಾಸನಗಳ ಚಿತ್ರಗಳನ್ನು ಊರಿನ ಹೆಸರಿನ ಫೋಲ್ಡರ್‌ಗಳಿಗೆ ಹಂಚುವ ಪುಟ್ಟ ಪ್ರೋಗ್ರಾಮ್ ಅದರ ಉದಾಹರಣೆ. ಫೋಲ್ಡರ್‌ಗಳ ಹೆಸರೆಲ್ಲ ಕನ್ನಡದಲ್ಲೇ ಇವೆ: ಹಲ್ಮಿಡಿ, ಬೇಲೂರು, ಅರಸೀಕೆರೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಬಿಡಿಸಬೇಕು.

ಮೊದಲನೆಯದು ‘ಚಾರ್’, ಸಿ ಭಾಷೆಯಲ್ಲಿ ಒಂದು ಬೈಟ್ ಹಿಡಿಯುವ ಮಾದರಿ. ಅದನ್ನು ‘ಅಕ್ಷರ’ ಎಂದೇ ಬರೆದಿದ್ದೆ. ‘ಹಲ್ಮಿಡಿ’ಯಲ್ಲಿ ಎಷ್ಟು ಅಕ್ಷರ ಎಂದರೆ ಶಾಲೆಯ ಮಗುವೂ 3 ಎನ್ನುತ್ತದೆ: ಹ, ಲ್ಮಿ, ಡಿ. ಲಿಪಿಯ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು 7: ಹ, ಲ, ವಿರಾಮ (‘ಅ’ಕಾರ ಕಳೆಯುವ ಚಿಹ್ನೆ), ಮ, ಗುಡಿಸು, ಡ, ಇನ್ನೊಂದು ಗುಡಿಸು. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಇಂಥ ಪ್ರತಿಯೊಂದಕ್ಕೂ 3 ಬೈಟ್ ಬೇಕು. ಹಾಗಾಗಿ ಪಠ್ಯದ ಉದ್ದ ಎಣಿಸುವ ಸಿ ಭಾಷೆಯ ‘ಸ್ಟ್ರ್‌ಲೆನ್’ 21 ಎಂದು ಎಣಿಸುತ್ತದೆ. ಹೆಸರಿನ ಮೊದಲ 10 ‘ಅಕ್ಷರ’ ಸಾಕೆಂದು ವಿದ್ಯಾರ್ಥಿಯೊಬ್ಬ ಕತ್ತರಿಸಿದ. ‘ಮ’ಕಾರದ ಮೂರು ಬೈಟ್‌ಗಳಲ್ಲಿ ಒಂದೇ ಉಳಿದು, ಪರದೆಯ ಮೇಲೆ ‘ಹಲ್’ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹೊತ್ತ ಕಪ್ಪು ವಜ್ರಾಕೃತಿ ಮೂಡಿತು. ನಾನು ಕೊಟ್ಟ ಪದವೇ ಅವನನ್ನು ಅಲ್ಲಿಗೆ ಒಯ್ದಿತ್ತು. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ ಇರುವ 255 ಬೈಟ್‌ಗಳ ಮಿತಿಯನ್ನು ‘255 ಅಕ್ಷರ’ ಎಂದು ಬರೆದರೂ ಇದೇ ಗತಿ. ಕನ್ನಡದ ಹೆಸರಾದರೆ 85 ಚಿಹ್ನೆಗಳಿಗೇ ಅದು ಮುಗಿಯುತ್ತದೆ.

ಬೈಟ್ ಬೈಟಾಗಿಯೇ ಇರಲಿ, ಅದರಲ್ಲಿ ನನಗೆ ತಕರಾರಿಲ್ಲ. ಛಂದಸ್ಸಿನಲ್ಲಿ ಎಣಿಸುವ ‘ಅಕ್ಷರ’ವನ್ನೂ ಅಲುಗಿಸಬಾರದು. ನಡುವಿನ ಆ ಏಳಕ್ಕೆ ಹೆಸರು ಬೇಕು. ಮಿತ್ರರೊಬ್ಬರು ‘ವರ್ಣ’ ಎಂದರು. ಬಿಡಿಸಿ ಬರೆದು ನೋಡಿದೆ: ಹ್, ಅ, ಲ್, ಮ್, ಇ, ಡ್, ಇ. ಸರಿಯಾಗಿ ಏಳು! ಎಷ್ಟು ಸಂತೋಷವಾಯಿತೆಂದರೆ ಆ ರಾತ್ರಿಯೇ ಪಾಠವನ್ನೆಲ್ಲ ತಿದ್ದಿದೆ. ಬೆಳಿಗ್ಗೆ ‘ಹಾಸನ’ ಎಂದು ಬರೆದಾಗ ಲೆಕ್ಕ ತಪ್ಪಿತು. ವರ್ಣಗಳು ಆರು, ಯೂನಿಕೋಡ್‌ನಲ್ಲಿ ನಾಲ್ಕೇ. ವ್ಯಂಜನದೊಳಗಿನ ‘ಅ’ಕಾರಕ್ಕೆ ಯೂನಿಕೋಡ್ ಬೇರೆ ಸಂಖ್ಯೆ ಕೊಡುವುದಿಲ್ಲ, ವ್ಯಾಕರಣ ಅದನ್ನು ಬಿಡದೆ ಎಣಿಸುತ್ತದೆ. ಮುದ್ರಣಾಲಯದ ‘ಮೊಳೆ’ಯೂ ನೆನಪಾಯಿತು, ಎಷ್ಟು ಅಂದವಾದ ಮಾತು! ಆದರೆ ಮೊಳೆ ಕಣ್ಣಿಗೆ ಕಾಣುವ ಆಕಾರದ ತುಂಡು. ಯೂನಿಕೋಡ್‌ಗೆ ಮೊದಲಿನ ನಮ್ಮ ಹಳೆಯ ಫಾಂಟ್‌ಗಳು ಸಂಖ್ಯೆ ಕೊಟ್ಟಿದ್ದು ಅಂಥ ತುಂಡುಗಳಿಗೇ, ಆದ್ದರಿಂದ ಆ ಪದ ಅಲ್ಲಿಗೇ ಒಪ್ಪುತ್ತದೆ. ಸದ್ಯಕ್ಕೆ ಲಿಪಿ ಮತ್ತು ಅಂಕ ಸೇರಿಸಿ ‘ಲಿಪ್ಯಂಕ’ ಎಂದು ಬರೆಯುತ್ತಿದ್ದೇನೆ. ನಾಲಿಗೆಗೆ ಅದು ಸ್ವಲ್ಪ ಗಡುಸೇ.

ಅರಸೀಕೆರೆಯದು ಇನ್ನೊಂದು ಕಥೆ. ‘ಸೀ’ಯಲ್ಲಿರುವುದಕ್ಕೆ ಶಾಲೆಯಲ್ಲಿ ‘ಗುಡಿಸಿನ ದೀರ್ಘ’ ಎಂದು ಕಲಿತೆವಷ್ಟೆ. ಯೂನಿಕೋಡ್‌ನಲ್ಲಿ ಅದನ್ನು ಒಂದೇ ಚಿಹ್ನೆಯಾಗಿಯೂ, ಗುಡಿಸು ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಇಡಬಹುದು. ಮೊದಲ ರೀತಿಯಲ್ಲಿ ಊರಿನ ಹೆಸರು 24 ಬೈಟ್, ಎರಡನೆಯದರಲ್ಲಿ 27. ಲಿನಕ್ಸ್‌ನಲ್ಲಿ ಎರಡು ಅರಸೀಕೆರೆಗಳು ಅಕ್ಕಪಕ್ಕ ಕುಳಿತಿದ್ದವು, ಒಂದರಲ್ಲಿಟ್ಟ ಚಿತ್ರ ಇನ್ನೊಂದರಲ್ಲಿ ಸಿಗುತ್ತಿರಲಿಲ್ಲ. ಇದನ್ನು ವಿವರಿಸಲು ‘ತೋರುರೂಪ’, ‘ಒಳರೂಪ’ ಎಂದು ಬಳಸಿದ್ದೇನೆ. ಹಳಬರ ಬರಹದಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಇದ್ದರೆ ತಿಳಿಸಿ.

ಇನ್ನು ‘ಪಾತ್’, ಅಂದರೆ ಕಡತ ಯಾವ ಯಾವ ಫೋಲ್ಡರ್ ದಾಟಿದರೆ ಸಿಗುತ್ತದೆ ಎಂದು ಹೇಳುವ ಬರಹ. ‘ವಿಳಾಸ’ ಆಗದು. ಪಾಯಿಂಟರ್ ಹಿಡಿದಿಡುವ ಮೆಮೊರಿ ಸ್ಥಾನವನ್ನು ಆಗಲೇ ವಿಳಾಸ ಎಂದು ಕರೆದಾಗಿದೆ. ‘ಪಥ’ ಚಿಕ್ಕದು, ಸಮಾಸಕ್ಕೆ ಒಗ್ಗುತ್ತದೆ. ನನ್ನ ಒಲವು ‘ದಾರಿ’ಯ ಕಡೆಗೆ, ಕಾರಣ ಅದರ ಎರಡು ಬಗೆಗಳು. ಹಾಸನದಿಂದ ಬೇಲೂರು, ಅಲ್ಲಿಂದ ಹಲ್ಮಿಡಿ ಎಂದು ಹೇಳಿದರೆ ಕೇಳುವವರು ಎಲ್ಲಿದ್ದರೂ ಆ ದಾರಿ ಬದಲಾಗದು. ‘ಹಿಂದಕ್ಕೆ ಹೋಗಿ ಎಡಕ್ಕೆ ತಿರುಗಿ’ ಎಂಬುದು ನಿಂತ ಜಾಗಕ್ಕೆ ಕಟ್ಟುಬಿದ್ದ ಮಾತು. ‘ನಿರಪೇಕ್ಷ ಪಥ’, ‘ಸಾಪೇಕ್ಷ ಪಥ’ ಎಂಬುದರ ಬದಲು ‘ಬುಡದಿಂದ ದಾರಿ’, ‘ನಿಂತಲ್ಲಿಂದ ದಾರಿ’ ಎಂದಾಗ ತರಗತಿಯಲ್ಲಿ ಯಾರೂ ಮತ್ತೆ ಕೇಳಲಿಲ್ಲ. ಊರುಗಳ ಹೆಸರಿನ ನಡುವಿನ ಗೆರೆಗೆ (/) ‘ಓರೆಗೆರೆ’ ಎಂದಿದ್ದೇನೆ. ವಿಂಡೋಸ್‌ನ ಎಡಕ್ಕೆ ವಾಲಿದ ಗೆರೆಗೆ (\) ಬೇರೆ ಹೆಸರು ಬೇಕೇ ಬೇಕು, ಏಕೆಂದರೆ ಸಿ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥವಿದ್ದು, ಉದ್ಧರಣ ಚಿಹ್ನೆಗಳೊಳಗೆ ಎರಡೆರಡು ಬಾರಿ ಬರೆಯಬೇಕಾಗುತ್ತದೆ.

‘ಎನ್‌ಕೋಡಿಂಗ್’ಗೆ (ಯುಟಿಎಫ್-8ರಂಥ ಬರೆದಿಡುವ ರೀತಿಗೆ) ‘ಸಂಕೇತೀಕರಣ’ ಎಂದಾಗ ಮಕ್ಕಳು ಗುಟ್ಟಿನ ಬರಹವೆಂದು ತಿಳಿಯುತ್ತಾರೆ. ‘ಲಿಪಿಸಂಕೇತ’ ನಡೆದೀತೇ?

ಲಿಪ್ಯಂಕಕ್ಕೆ ಬದಲಿ ಪದ, ಎಡವಾಲಿನ ಗೆರೆಗೊಂದು ಹೆಸರು: ಇವೆರಡು ನನಗೆ ತುರ್ತಾಗಿ ಬೇಕು. ಮುಂದಿನ ವಾರ ಪಾಠ ಅಚ್ಚಿಗೆ ಹೋಗುತ್ತದೆ.

ವಂದನೆಗಳೊಂದಿಗೆ,
ಹಾಸನದಿಂದ